ನೀರೇ ಗೆರೆ

ನದಿ ಕಡಲಿಗೆ ಸೇರುವ ಕಡೆ, ದಡಕ್ಕೆ ಅಂಟಿಕೊಂಡು ಒಂದು ಮರಳುದಿಬ್ಬ ಇತ್ತು. ಇಳಿತದಲ್ಲಿ ಏಳುತ್ತಿತ್ತು. ಉಬ್ಬರದಲ್ಲಿ ಮುಳುಗುತ್ತಿತ್ತು.

ಎದ್ದಿರುವಷ್ಟು ಹೊತ್ತು ಅದು ಫುಟ್‌ಬಾಲ್ ಮೈದಾನ.

ಪುರ್ಸು ಮಾಸ್ತರರು ಅಲ್ಲಿ ಆಟ ಕಲಿಸುತ್ತಿದ್ದರು. ಶಾಲೆಯಲ್ಲಿ ಡ್ರಿಲ್ ಮಾಸ್ತರಿಕೆ ಮುಗಿದ ಮೇಲೆ ತಾರಿ ನಡೆಸಿದರು. ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ. ಒಂದು ದೋಣಿ, ಒಂದು ಹುಟ್ಟು. ದಡದ ಗುಡಿಸಲಿನಲ್ಲಿ ಒಬ್ಬರೇ ಇದ್ದರು. ಊರವರು ಅದನ್ನು ಆಶ್ರಮ ಎನ್ನುತ್ತಿದ್ದರು. ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

ತಾರಿಯವನಿಗೆ ಅಲ್ಲೊಂದು ನೇಮ. ಆಚೆ ದಡದ ಒಣ ಮರಳು ಅವನು ಮೆಟ್ಟುವುದಿಲ್ಲ. ಒಂದು ಕಾಲು ನೀರಲ್ಲಿ, ಒಂದು ಕಾಲು ಹಸಿ ಮರಳಲ್ಲಿ ಊರಿ ದೋಣಿ ಹಿಡಿಯುತ್ತಾನೆ. ಬಂದವರು ಇಳಿಯುತ್ತಾರೆ. ಕಾದವರು ಹತ್ತುತ್ತಾರೆ.

ಶಿಷ್ಯರಲ್ಲಿ ದತ್ತಾರಾಮ ಒಬ್ಬ. ಎಡಗಾಲಿನವನು. ಮೊದಲ ದಿನವೇ ಮಾಸ್ತರರು ಅವನನ್ನು ಎಡ ಅಂಚಿಗೆ ನಿಲ್ಲಿಸಿದರು. ನೀರಿನ ಬದಿಗೆ.

"ಗೆರೆ ಎಲ್ಲಿ ಮಾಸ್ತರೇ?"

"ನೀರು ಎಲ್ಲಿದೆಯೋ ಅಲ್ಲಿ."

"ನೀರು ಸರೀತಾ ಇರ್ತದಲ್ಲ?"

"ನೀನೂ ಸರಿ."

ಹಾಗೆ ಕಲಿತ. ಒಂದು ಕಾಲು ಮರಳಲ್ಲಿ, ಒಂದು ಕಾಲು ನೀರಲ್ಲಿ. ಅಂಚಿನುದ್ದಕ್ಕೂ ಓಡಬೇಕು. ಕೊನೆ ಮುಟ್ಟಿ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಕಳಿಸಬೇಕು. ಅಲ್ಲಿ ಇನ್ನೊಬ್ಬ ಕಾದಿರುತ್ತಾನೆ. ಹೊಡೆಯುವವನು ಅವನು.

ಮಾಸ್ತರರು ದೋಣಿಯಲ್ಲಿ ನಿಂತು ನೋಡುತ್ತಿದ್ದರು. ಮಾತು ಕಡಿಮೆ. ದತ್ತಾರಾಮ ಅಂಚಿನ ಕೊನೆ ಮುಟ್ಟಿದಾಗ ಒಂದೇ ಕೂಗು.

"ದಾಟಿಸು."

ಒಮ್ಮೆ ಅವನು ಚೆಂಡಿನ ಮೇಲೆ ಕಾಲಿಟ್ಟು ನಿಂತ.

"ಮಾಸ್ತರೇ, ಒಂದು ಸಲ ನಾನೇ ಹೊಡೀಲಾ?"

"ದಾರಿ ಇದ್ದರೆ ಹೊಡಿ."

"ದಾರಿ ಇದೆಯಾ ಇಲ್ಲವಾ ಅಂತ ಹೇಗೆ ತಿಳೀತದೆ?"

"ಕಾಲ ಕೆಳಗೆ ನೋಡು."

ನೋಡಿದ. ಚೆಂಡು ಇರಲಿಲ್ಲ. ಯಾರೋ ಆಗಲೇ ಒಯ್ದಿದ್ದರು.

*

ಮೊದಲು ಕರೆದದ್ದು ದೂರದ ದೊಡ್ಡ ಊರಿನ ಕ್ಲಬ್ಬು. ಅಲ್ಲಿ ಹುಲ್ಲು. ಅಲ್ಲಿ ಸುಣ್ಣದ ಗೆರೆ.

ಮೊದಲ ಪಂದ್ಯದಲ್ಲಿ ಹೊತ್ತು ಹೋದಂತೆ ದತ್ತಾರಾಮ ಒಳಗೊಳಗೆ ಸರಿಯತೊಡಗಿದ. ಆಟ ಮುಗಿಯುವಾಗ ಮೈದಾನದ ನಟ್ಟ ನಡುವೆ ಇದ್ದ.

ಕೋಚ್ ಕರೆದು ಕೇಳಿದ. "ಅಂಚು ಬಿಟ್ಟು ಎಲ್ಲಿಗೆ ಹೋಗ್ತಿದ್ದೀಯಪ್ಪ?"

"ಉಬ್ಬರದ ಹೊತ್ತಲ್ಲವಾ ಸಾರ್."

ಕೋಚ್ ಸುತ್ತ ನೋಡಿದ. ಕಡಲು ಅಲ್ಲಿಂದ ಒಂದು ಹಗಲಿನ ರೈಲುದಾರಿ.

ಈ ಕಥೆ ದತ್ತಾರಾಮನಿಗಿಂತ ಮುಂಚೆ ಊರು ಸೇರಿತು. ಅವನು ರಜೆಗೆ ಬಂದಾಗ ಮಾಸ್ತರರು ಕೇಳಿದರು.

"ಅಲ್ಲಿ ಗೆರೆ ನಿಂತೇ ಇರ್ತದಂತೆ?"

"ಹೌದು ಮಾಸ್ತರೇ. ನಿಂತೇ ಇರ್ತದೆ."

"ಪಾಪ," ಅಂದರು.

*

ಆಮೇಲೆ ಇನ್ನೊಂದು ಕ್ಲಬ್ಬು. ಆಮೇಲೆ ಮತ್ತೊಂದು.

ಒಂದು ಊರಲ್ಲಿ ಮೈದಾನದ ಪಕ್ಕ ಗಿರಣಿ. ಹತ್ತಿಯ ಎಳೆ ಗಾಳಿಯಲ್ಲಿ ತೇಲುತ್ತಿತ್ತು. ಓಡಿ ನಿಂತರೆ ಹುಬ್ಬು ಬೆಳ್ಳಗೆ.

ಒಂದು ಊರಲ್ಲಿ ಮಂಜು. ಚೆಂಡು ಎತ್ತಿ ಕಳಿಸಿದರೆ ಮಾಯ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಂಜಿನ ಒಳಗಿಂದ ಜನರ ಕೂಗು. ಗೋಲು ಆಯಿತು ಎಂದು ಅದರಿಂದಲೇ ತಿಳಿಯಬೇಕು.

ಒಂದು ಊರಲ್ಲಿ ಅವನ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ದೋತಾ ಎಂದರು. ಇನ್ನೊಂದು ಊರಲ್ಲಿ ತತ್ತಾ ಎಂದರು. ಅವನು ಎರಡಕ್ಕೂ ತಿರುಗಿ ನೋಡಿದ.

ಊಟ ಬದಲಾಯಿತು. ಮಾತು ಬದಲಾಯಿತು. ಜೆರ್ಸಿಯ ಬಣ್ಣ ಬದಲಾಯಿತು. ಕೆಲಸ ಬದಲಾಗಲಿಲ್ಲ. ಎಡ ಅಂಚಿನಲ್ಲಿ ಓಟ. ಕೊನೆಯಲ್ಲಿ ಎತ್ತಿ ಕಳಿಸುವುದು.

ಒಂದೊಂದು ಕ್ಲಬ್ಬು ಬಿಟ್ಟಾಗಲೂ ಅವನು ನದಿಗೆ ಬರುತ್ತಿದ್ದ. ಆ ಕ್ಲಬ್ಬಿನ ಜೆರ್ಸಿಯನ್ನು ಮಾಸ್ತರರ ಕಾಲ ಬಳಿ ಇಡುತ್ತಿದ್ದ. ಮಾಸ್ತರರು ಅದನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ. ಹಾಕಿಕೊಂಡು ದೋಣಿ ನಡೆಸಿದರು.

ದೋಣಿ ಹತ್ತಿದವರು ಕೇಳುವರು. "ಇವತ್ತು ಯಾವ ಕ್ಲಬ್ಬು ಮಾಸ್ತರೇ?"

"ತಾರಿ ಕ್ಲಬ್ಬು. ಕೂತ್ಕೊ."

ಒಂದು ಸಲ ದತ್ತಾರಾಮ ನೋಡಿದ. ಮಾಸ್ತರರ ಬೆನ್ನ ಮೇಲಿದ್ದ ಅಕ್ಷರಗಳು ಅಳಿಸಿ ಹೋಗಿದ್ದವು.

"ಮಾಸ್ತರೇ, ನನ್ನ ಹೆಸರು ಎಲ್ಲಿ ಹೋಯಿತು?"

"ಬಿಸಿಲು ತಿಂದಿತು. ಬಟ್ಟೆ ಗಟ್ಟಿ ಇದೆ."

*

ನಡುವೆ ಒಂದು ವರ್ಷ ಅವನು ಬಿರುಸಾಗಿ ಬಂದ.

"ಇನ್ನು ಅಂಚು ಬೇಡ ಮಾಸ್ತರೇ. ನಡುವೆ ಆಡ್ತೇನೆ. ಗೋಲು ಹೊಡೀತೇನೆ. ಅಂಚಿನವನನ್ನು ಯಾರೂ ನೋಡೋದಿಲ್ಲ."

ಮಾಸ್ತರರು ಮರಳುದಿಬ್ಬ ತೋರಿಸಿದರು. ನೀರು ಆಗ ದೂರ ಇತ್ತು.

"ನಡುವೆ ಹೋಗಿ ನಿಲ್ಲು."

ಹೋಗಿ ನಿಂತ. ಮಾಸ್ತರರು ಬಲೆ ಹೊಲಿಯುತ್ತ ಕೂತರು. ಬಿಸಿಲು ಓರೆಯಾಯಿತು. ಹಕ್ಕಿಗಳು ಬಂದು ಅವನ ನೆರಳಲ್ಲಿ ಏಡಿ ಹೆಕ್ಕಿದವು. ದತ್ತಾರಾಮ ಕಣ್ಣು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ.

"ದತ್ತಾ. ಎಲ್ಲಿದ್ದೀ?"

ಕಣ್ಣು ತೆರೆದು ಕೆಳಗೆ ನೋಡಿದ. ಎಡಗಾಲು ನೀರಲ್ಲಿ ಇತ್ತು.

"ಅಂಚಿನಲ್ಲಿ ಮಾಸ್ತರೇ."

"ಸರಿದೆಯಾ?"

"ಇಲ್ಲ. ಇಲ್ಲೇ ನಿಂತಿದ್ದೆ."

ಮಾಸ್ತರರು ಬಲೆ ಮಡಚಿದರು. "ಮೀನು ಬೇಯಿಸು. ಹಸಿವು."

*

ಕೊನೆಯ ಸಲ ಬಂದಾಗ ಅವನ ಕಿವಿಯ ಬಳಿ ಕೂದಲು ನರೆತಿತ್ತು. ಕೈಯಲ್ಲಿ ಜೆರ್ಸಿ ಇತ್ತು. ಹೆಗಲ ಮೇಲೆ ಹಾಸಿಗೆ ಸುರುಳಿಯೂ ಇತ್ತು.

ಮಾಸ್ತರರು ನೋಡಿದರು. ಅವರೂ ಮುದುಕರಾಗಿದ್ದರು.

"ಏನಿದು?"

"ಹಾಸಿಗೆ."

"ಕಾಣ್ತದೆ."

"ಇಲ್ಲೇ ಇರ್ತೇನೆ ಮಾಸ್ತರೇ. ಆಟ ಬಿಟ್ಟೆ."

"ಬಿಟ್ಟೆಯಾ, ಬಿಡಬೇಕು ಅಂತಿದ್ದೀಯಾ?"

ದತ್ತಾರಾಮ ಗುಡಿಸಲಿನ ಬಾಗಿಲಲ್ಲಿ ಹಾಸಿಗೆ ಕೆಳಗಿಟ್ಟ.

"ಗುಡ್ಡದ ಮೇಲಿನ ಒಂದು ಊರಿನವರು ಕೇಳ್ತಿದ್ದಾರೆ. ಹೊಸ ಕ್ಲಬ್ಬು. ಎಲ್ಲಾ ಎಳೆಯರು. ಗೋಲು ಹೊಡೆಯುವವರು ಇದ್ದಾರಂತೆ. ಚೆಂಡು ತಲುಪಿಸುವವರಿಲ್ಲವಂತೆ. ಸಂಜೆ ಫೋನ್ ಮಾಡ್ತಾರೆ. ಆಗೋದಿಲ್ಲ ಅಂತೇನೆ."

"ಅನ್ನು."

"ನೀವೂ ಹಾಗೇ ಹೇಳ್ತೀರಾ?"

"ಹೇಳಿದವನು ನೀನು."

ಮಾಸ್ತರರು ಅವನ ಕಾಲು ನೋಡಿದರು.

"ಮಂಡಿ ಹೇಗಿದೆ?"

"ಇನ್ನೊಂದು ವರ್ಷ ಬಂದೀತು."

"ಉಸಿರು?"

"ಅದಕ್ಕೇನೂ ಆಗಿಲ್ಲ."

"ಮತ್ತೆ?"

ದತ್ತಾರಾಮ ಬೆರಳಿಂದ ಮರಳು ಕೆದಕಿದ.

"ಮಾಸ್ತರೇ, ನನ್ನ ಊರು ಯಾವುದು? ಅಲ್ಲಿ ಹೋದರೆ ಇಲ್ಲಿಯವನು ಅಂತಾರೆ. ಇಲ್ಲಿ ಬಂದರೆ ಅಲ್ಲಿಯವನು ಅಂತಾರೆ. ಎಷ್ಟು ಊರು ದಾಟಿದೆ. ಒಂದು ಕ್ಲಬ್ಬಿನ ಗೋಡೆ ಮೇಲೂ ನನ್ನ ಫೋಟೋ ಇಲ್ಲ. ಗೋಲು ಹೊಡೆದವರದ್ದೆಲ್ಲ ಇದೆ. ಮತ್ತೆ ಒಂದು ಹೊಸ ಊರು, ಮತ್ತೆ ಒಂದು ಹೊಸ ಮಾತು, ನನ್ನಿಂದ ಆಗೋದಿಲ್ಲ. ಒಂದು ದಡ ಬೇಕು ನನಗೆ."

"ದಾಟಿದ್ದು ಹೇಳಿದೆ. ದಾಟಿಸಿದ್ದು?"

"ಅದನ್ನು ಯಾರು ಲೆಕ್ಕ ಇಡ್ತಾರೆ ಮಾಸ್ತರೇ?"

"ಗಂಜಿ ಇದೆ. ಕುಡಿ."

ಗಂಜಿ ಕುಡಿದ. ಒಣಮೀನು ನಂಚಿಕೊಂಡ. ಹಾಸಿಗೆ ಬಿಚ್ಚಲಿಲ್ಲ. ಹೋಗಿ ಮರಳುದಿಬ್ಬದ ಮೇಲೆ ಮೈ ಚಾಚಿದ.

ನಿದ್ದೆ ಬಂತು. ಕನಸೂ ಬಂತು.

ಕನಸಲ್ಲಿ ಎಲ್ಲ ಊರುಗಳ ಮೈದಾನಗಳು ಒಂದೇ ಆಗಿದ್ದವು. ಗಿರಣಿಯ ಹತ್ತಿ ತೇಲುತ್ತಿತ್ತು. ಮಂಜು ಇತ್ತು. ಅಂಚಿನಲ್ಲಿ ಗೆರೆ ಇರಲಿಲ್ಲ, ನೀರಿತ್ತು. ಗೋಲಿನ ಮುಂದೆ ಜನ ಕಾದು ನಿಂತಿದ್ದರು. ಅವನ ಜೊತೆ ಆಡಿದವರೆಲ್ಲ. ಒಬ್ಬೊಬ್ಬರದು ಒಂದೊಂದು ಬಣ್ಣ. ಎಲ್ಲರೂ ಕೈ ಎತ್ತಿ ಅವನನ್ನೇ ನೋಡುತ್ತಿದ್ದರು. ಚೆಂಡು ಅವನ ಕಾಲಲ್ಲಿ ಇತ್ತು. ಕಾಲು ಏಳುತ್ತಿರಲಿಲ್ಲ. ನೀರು ಪಾದಕ್ಕೆ ಬಂತು. ತಣ್ಣಗೆ ಕಾಲ ಹರಡಿಗೆ ಬಂತು. ದೂರದಲ್ಲಿ ಯಾರೋ ಕೂಗುತ್ತಿದ್ದರು. ಒಂದೇ ಮಾತು. ಅದು ಯಾವ ಮಾತು ಎಂದು ಕೇಳುತ್ತಿರಲಿಲ್ಲ.

ಎಚ್ಚರಾಯಿತು. ನೀರು ಕಾಲ ಹರಡಿನವರೆಗೆ ಬಂದಿತ್ತು.

ಮಾಸ್ತರರು ದೋಣಿಯಲ್ಲಿ ಕೂತಿದ್ದರು. ಅವನು ತಂದ ಹೊಸ ಜೆರ್ಸಿ ಹಾಕಿದ್ದರು. ಸಡಿಲವಾಗಿತ್ತು.

"ಏಳು. ಆಚೆ ದಡಕ್ಕೆ ಹೋಗಬೇಕು. ಅಕ್ಕನ ಮನೆಗೆ. ತೋಳಿಗೆ ಎಣ್ಣೆ ತಿಕ್ಕಿಸಬೇಕು. ನೀನು ಹುಟ್ಟು ಹಾಕು."

ದತ್ತಾರಾಮ ದೋಣಿ ಹತ್ತಿದ. ಹಾಸಿಗೆ ಸುರುಳಿ ದೋಣಿಯಲ್ಲಿ ಇತ್ತು.

"ಇದು ಎಂತಕ್ಕೆ ಮಾಸ್ತರೇ?"

"ಅಲ್ಲಿದ್ದರೆ ಒದ್ದೆಯಾಗ್ತದೆ."

ಗುಡಿಸಲು ಎತ್ತರದಲ್ಲಿ ಇತ್ತು. ಯಾವ ಉಬ್ಬರವೂ ಅಲ್ಲಿಗೆ ಬಂದದ್ದಿಲ್ಲ.

ದತ್ತಾರಾಮ ಹುಟ್ಟು ಹಾಕಿದ. ಇಳಿಬಿಸಿಲು ನೀರ ಮೇಲೆ ಬಿದ್ದಿತ್ತು. ನಡು ನೀರಿಗೆ ಬಂದಾಗ ಈ ದಡವೂ ಮಸುಕು, ಆ ದಡವೂ ಮಸುಕು. ಹುಟ್ಟಿನಿಂದ ಹನಿ ಬೀಳುವ ಸದ್ದು ಮಾತ್ರ. ಮಾಸ್ತರರು ಕಣ್ಣು ಮುಚ್ಚಿದ್ದರು. ಮಲಗಿದ್ದಾರೆ ಎಂದುಕೊಂಡ.

"ಎಡಕ್ಕೆ ಎಳೀತದೆ," ಅಂದರು. ಕಣ್ಣು ತೆರೆಯಲಿಲ್ಲ.

ಆಚೆ ದಡ ಬಂತು. ಮಾಸ್ತರರು ನಿಧಾನ ಇಳಿದರು.

ದತ್ತಾರಾಮನೂ ಹಾರಿ ಇಳಿದ. ದೋಣಿಯ ಮೂತಿ ಹಿಡಿದು ದಡಕ್ಕೆ ಎಳೆಯತೊಡಗಿದ. ನೀರು ಬಿಡಿಸಿದ. ಹಸಿ ಮರಳು ದಾಟಿಸಿದ. ಒಣ ಮರಳಿಗೆ ತಂದ.

ಅಲ್ಲಿ ಮೀನುಬುಟ್ಟಿಯ ಹೆಂಗಸೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಕೊಡೆ ಹಿಡಿದ ಮುದುಕ. ತಾರಿಗೆ ಕಾದವರು.

"ಏನಪ್ಪಾ," ಅಂದಳು ಹೆಂಗಸು. "ದೋಣಿ ಮನೆಗೆ ಒಯ್ತೀಯಾ?"

ದತ್ತಾರಾಮ ನಿಂತ.

"ಮಾಸ್ತರೇ, ಇದು ಯಾರು? ಹೊಸಬನಾ? ನೇಮ ಗೊತ್ತಿಲ್ಲವಾ ಇವನಿಗೆ?"

"ಹಳಬನೇ," ಅಂದರು ಮಾಸ್ತರರು. "ತಾನು ಈ ದಡದವನೋ ಆ ದಡದವನೋ ಅಂತ ಕೇಳ್ತಿದ್ದಾನೆ."

"ಅದನ್ನು ಕಟ್ಟಿಕೊಂಡು ನಮಗೇನು? ಮುಳುಗಿಸದಿದ್ದರೆ ಸಾಕು." ಅವಳು ಬುಟ್ಟಿ ಎತ್ತಿದಳು. "ಬೇಗ ಇಳಿಸು ತಮ್ಮಾ ನೀರಿಗೆ. ರೈಲು ಆಚೆ ದಡದಿಂದ. ತಪ್ಪಿದರೆ ಈ ಮೀನನ್ನು ನೀನೇ ತಿನ್ನಬೇಕು."

ಮುದುಕ ನಕ್ಕ. ಹಲ್ಲಿರಲಿಲ್ಲ.

ದತ್ತಾರಾಮ ದೋಣಿಯನ್ನು ಮತ್ತೆ ತಳ್ಳಿದ. ಒಣ ಮರಳಿಂದ ಹಸಿ ಮರಳಿಗೆ, ಹಸಿ ಮರಳಿಂದ ನೀರಿಗೆ. ಅದು ತೇಲಿತು. ಅಂಚು ಹಿಡಿದು ನಿಂತ. ಹೆಂಗಸು ಹತ್ತಿದಳು. ಮುದುಕ ಅವನ ಹೆಗಲ ಮೇಲೆ ಕೈಯೂರಿ ಹತ್ತಿದ. ಹಾಸಿಗೆ ಸುರುಳಿ ನೋಡಿ ಅದರ ಮೇಲೆಯೇ ಕೂತ.

ದತ್ತಾರಾಮ ಕೆಳಗೆ ನೋಡಿದ.

ಒಂದು ಕಾಲು ಮರಳಲ್ಲಿ ಇತ್ತು. ಎಡಗಾಲು ನೀರಲ್ಲಿ ಇತ್ತು.

ಆಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಗುಡ್ಡದ ಮೇಲಿನ ಊರು.

ತಲೆ ಎತ್ತಿದ. ಮಾಸ್ತರರು ದಡದ ಏರು ಹತ್ತುತ್ತಿದ್ದರು. ಹೊಸ ಜೆರ್ಸಿಯ ಅಕ್ಷರಗಳು ಇನ್ನೂ ಮಾಸಿರಲಿಲ್ಲ. ದತ್ತಾರಾಮ ಎಂಬ ಹೆಸರು ಸಂಜೆ ಬೆಳಕಲ್ಲಿ ಮೆಲ್ಲಗೆ ಮೇಲೇರಿ ದೂರ ಹೋಗುತ್ತಿತ್ತು.

"ಮಾಸ್ತರೇ," ಕೂಗಿದ. "ಅವರಿಗೆ ಏನು ಹೇಳಲಿ?"

ಮಾಸ್ತರರು ನಿಲ್ಲಲಿಲ್ಲ. ತಿರುಗಲೂ ಇಲ್ಲ.

"ದಾಟಿಸು."