ಅರವತ್ತನಾಲ್ಕು ಬಿರುದಿನ ದೊರೆ ಚಾಪೆಯ ಮೇಲೆ ಕೂತದ್ದು

"ಈ ಗದ್ದುಗೆಯ ಮೇಲೆ ನಾನೂ ಸೇರಿ ಒಂಬತ್ತು ಜನ ಕೂತಿದ್ದೇವೆ. ಒಂಬತ್ತರಲ್ಲಿ ಮಹಾವೀರ ಯಾರು, ಮಹಾಖಳ ಯಾರು? ಹೇಳಿ ನೋಡೋಣ!"

ನೆಲ್ಲಿಕೋಟೆಯ ಬಿಲ್ಲಪ್ಪನಾಯಕ ತುಂಬಿದ ಓಲಗದಲ್ಲಿ ಮೀಸೆ ತಿರುವುತ್ತ ಹೀಗೆ ಕೇಳಿದ. ಕೇಳೋದೇನು ಬಂತು! "ಮಹಾವೀರರು ತಾವೇ ಪ್ರಭೂ!" ಅಂತ ಎಲ್ಲರೂ ಒಂದೇ ಉಸಿರಿಗೆ ಕೂಗಿದರು. ಖಳ ಯಾರು ಅನ್ನೋದಕ್ಕೆ ಮಾತ್ರ ಒಬ್ಬನನ್ನು ಬಿಟ್ಟು ಎಲ್ಲರಿಗೂ ಕೆಮ್ಮು ಬಂತು.

"ನೀವೆಲ್ಲ ನನ್ನ ಅನ್ನ ತಿನ್ನೋರು, ನಿಮ್ಮ ಮಾತು ಬೇಡ," ಅಂದ ನಾಯಕ. "ಐಗಳ ಮಠದಲ್ಲಿ ಓದೋ ಮಕ್ಕಳು ಒಂಬತ್ತೂ ಜನರ ಚರಿತ್ರೆ ಕಲಿತಿದ್ದಾರೆ. ನಾಳೆ ನಾನೇ ಹೋಗಿ ಕೇಳ್ತೀನಿ. ವೀರ ಅಂತ ನನ್ನ ಹೆಸರು ಬಂದರೆ ಐಗಳಿಗೆ ಶಾಲು. ಬರದಿದ್ದರೆ ಅವರಿಗೆ ಕಲಿಸೋಕೆ ಬರೋದಿಲ್ಲ ಅಂತಾಯ್ತು. ಹೊತ್ತು ಮುಳುಗೋದರೊಳಗೆ ಊರು ಬಿಡಲಿ!"

ಊರ ಮಕ್ಕಳಿಗೆ ಮೂವತ್ತು ವರ್ಷದಿಂದ ಅಕ್ಷರ ಕಲಿಸುತ್ತಿದ್ದ ಐಗಳು ಗುರುಶಾಂತಯ್ಯ ಸುದ್ದಿ ಕೇಳಿದ್ದೇ ಮಠಕ್ಕೆ ಓಡಿದರು. ಮೊದಲೇ ಒಮ್ಮೆ ಕೇಳಿ ನೋಡಿದರೆ ಒಳ್ಳೇದಲ್ಲವೆ?

"ಮಕ್ಕಳೇ, ನಮ್ಮ ದೊರೆಗಳಲ್ಲಿ ಮಹಾವೀರ ಯಾರು?"

"ನಿದ್ದೆನಾಯಕ!" ಇಡೀ ಮಠ ಕೂಗಿತು.

ಐಗಳು ತಲೆ ಚಚ್ಚಿಕೊಂಡರು. ನಿದ್ದೆನಾಯಕ ನಾಲ್ಕನೆಯ ದೊರೆ. ಒಂದು ಯುದ್ಧ ಮಾಡಿದವನಲ್ಲ, ಒಂದು ಕಲ್ಲು ನೆಟ್ಟವನಲ್ಲ. ಉಂಡ, ಮಲಗಿದ.

"ಅವನೇನು ಮಾಡಿದನ್ರೋ?"

"ತೀರಿಕೊಂಡ, ಐಗಳೇ! ಅವನ ತಿಥಿ ದಿನ ಮಠಕ್ಕೆ ರಜ. ಹೋಳಿಗೆ ಬೇರೆ!"

"ಸರಿ, ಮಹಾಖಳ?"

"ಬಿಲ್ಲಪ್ಪನಾ..." ಐಗಳು ಹಾರಿ ಹೋಗಿ ಬಾಗಿಲು ಹಾಕಿದರು.

ಮಕ್ಕಳನ್ನು ಬೈಯೋಕೂ ಅವರಿಗೆ ಮನಸ್ಸು ಬರಲಿಲ್ಲ. ಹೋದ ವರ್ಷ ಅರಮನೆಯಿಂದ ಅಪ್ಪಣೆ ಬಂದಿತ್ತು. ದಿನಾ ಬೆಳಿಗ್ಗೆ ಮಗ್ಗಿಗೆ ಮುಂಚೆ ನಾಯಕನ ಅರವತ್ತನಾಲ್ಕು ಬಿರುದು ತಡವರಿಸದೆ ಒಪ್ಪಿಸಬೇಕು. ಯಾರೇ ಆಗಲಿ ಒಂದು ತಪ್ಪಿದರೂ ಕೋದಂಡ. ಅಂದರೆ ತೊಲೆಗೆ ಕಟ್ಟಿದ ಹಗ್ಗ ಹಿಡಿದು, ಉಳಿದವರು ನೂರು ಎಣಿಸುವವರೆಗೆ ಜೋತಾಡಬೇಕು. ಮಕ್ಕಳ ಅಂಗೈಯೆಲ್ಲ ಬೊಬ್ಬೆ. ಪುಟ್ಟ ಮಕ್ಕಳ ಸರದಿ ಬಂದಾಗ ಪಾಪ, ಐಗಳೇ ಮುಂದಾಗಿ ಮೂವತ್ತಾದ ಮೇಲೆ ಎಪ್ಪತ್ತು ಅನ್ನುತ್ತಿದ್ದರು.

ಅಲ್ಲಿಂದ ಅವರು ನೇರ ಆಸ್ಥಾನದ ದೇಮರಸನ ಮನೆಗೆ ಹೋದರು. ಓಲಗದಲ್ಲಿ ಕೆಮ್ಮದೆ ಕೂತಿದ್ದವನು ಆ ಜಾಣ ಒಬ್ಬನೇ.

"ದೇಮರಸರೇ, ನಾನು ಕೆಟ್ಟೆ. ಮಕ್ಕಳಿಗೆ ಸುಳ್ಳು ಹೇಳಿಕೊಡಲೇ?"

"ಛೆ ಛೆ! ಸುಳ್ಳು ಕಲಿಯೋಕೆ ಮಠ ಯಾಕೆ ಐಗಳೇ, ಓಲಗ ಇಲ್ಲವೆ? ನೀವು ಇಷ್ಟು ಮಾಡಿ. ಹಗ್ಗ ಬಿಚ್ಚಬೇಡಿ. ಮಕ್ಕಳ ಮುಂದೆ ಇನ್ನೊಂದು ಚಾಪೆ ಹಾಸಿ."

"ಅಷ್ಟೇನಾ?"

"ಅಷ್ಟೇ. ಪಾತ್ರೆ ಗಂಟು ಕಟ್ಟಬೇಡಿ ಅಂತ ಮನೆಯಲ್ಲಿ ಅಮ್ಮನವರಿಗೆ ಹೇಳಿ."

ಐಗಳು ಮನೆಗೆ ಬರುವಷ್ಟರಲ್ಲಿ ಹೆಂಡತಿ ಮೂರು ಗಂಟು ಕಟ್ಟಿ ನಾಲ್ಕನೆಯದಕ್ಕೆ ಕೈಹಾಕಿದ್ದಳು.

ಮರುದಿನ ನಗಾರಿ ಬಾರಿಸಿಕೊಂಡು ನಾಯಕ ಬಂದೇ ಬಿಟ್ಟ. ಜೊತೆಗೆ ದೇಮರಸ.

"ಪ್ರಭೂ," ಅಂದ ದೇಮರಸ, "ಪ್ರಶ್ನೆ ಆಮೇಲೆ ಇರಲಿ. ಮೊದಲು ಬಿರುದು ಒಪ್ಪಿಸೋದು ಇಲ್ಲಿನ ರೂಢಿ. ದಿನಾ ಒಬ್ಬ ದೊಡ್ಡ ಹುಡುಗ ಹೇಳ್ತಾನೆ, ಉಳಿದವರು ಹಿಂದೆ ಹೇಳ್ತಾರೆ. ಬಿರುದಿನ ಒಡೆಯರೇ ಬಂದಿರುವಾಗ ಬೇರೆಯವರು ಹೇಳಿದರೆ ಚೆನ್ನಾಗಿರುತ್ತದೆಯೇ?"

ನಾಯಕ ಉಬ್ಬಿಹೋದ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಶುರು ಮಾಡಿದ. "ಬೆಟ್ಟದ ಹುಲಿ! ಹಗೆಗಳ ಎದೆಶೂಲ! ಕುದುರೆಯೇರಿದ ಸಿಡಿಲು!" ಮಕ್ಕಳು ಹಿಂದೆಯೇ ಕೂಗಿದರು. ಹನ್ನೊಂದರವರೆಗೆ ಓಟ. ಹನ್ನೆರಡಕ್ಕೆ ಕೆಮ್ಮಿದ. ಹದಿಮೂರಕ್ಕೆ ಮೇಲೆ ನೋಡಿದ. ಆಮೇಲೆ ಜೋರಾಗಿ, "ಬೆಟ್ಟದ ಹುಲಿ!" ಅಂದ.

"ತಪ್ಪು!" ಅಂದವು ಮಕ್ಕಳು, ದಿನದ ಅಭ್ಯಾಸ ನೋಡಿ. ಮುಂದಿನ ಸಾಲಿನ ಗಿಡ್ಡ ಹುಡುಗಿ ಎದ್ದು ಹೋಗಿ ಹಗ್ಗದ ತುದಿ ತಂದು ನಾಯಕನ ಕೈಗೇ ಕೊಟ್ಟಳು. ಐಗಳು ಕಣ್ಣು ಮುಚ್ಚಿಕೊಂಡರು.

"ಏನಿದು?"

"ಕೋದಂಡ, ಅಜ್ಜಾ. ಗಟ್ಟಿಯಾಗಿ ಹಿಡ್ಕೊಳ್ಳಿ. ಐಗಳು ಬೇಗ ಬೇಗ ಎಣಿಸ್ತಾರೆ, ಹೆದರಬೇಡಿ."

"ಒಂದು ಬಿರುದು ತಪ್ಪಿದ್ದಕ್ಕೆ ಹಗ್ಗವೆ?" ನಾಯಕ ಕೆಂಡವಾದ. "ಇಷ್ಟುದ್ದ ಪಟ್ಟಿ ಯಾರಿಗೆ ಬಾಯಿಗೆ ಬರುತ್ತೆ? ಎಳೇ ಮಕ್ಕಳ ಕೈಗೆ ಹಗ್ಗ ಕೊಟ್ಟ ಆ ಮಹಾಖಳ ಯಾರು?"

ದೇಮರಸ ಕೈಮುಗಿದ. "ಐಗಳೇ, ಪ್ರಭುಗಳ ಎರಡನೇ ಪ್ರಶ್ನೆಗೆ ಪ್ರಭುಗಳೇ ಉತ್ತರ ಕೊಟ್ಟರು. ಆ ಅಪ್ಪಣೆ ಓಲೆ ಸ್ವಲ್ಪ ತೋರಿಸಿ."

ಐಗಳು ಓಲೆ ಬಿಚ್ಚಿದರು. ಕೆಳಗೆ ನಾಯಕನದೇ ಮುದ್ರೆ.

ನಾಯಕ ಮುದ್ರೆ ನೋಡಿದ. ಹಗ್ಗ ನೋಡಿದ. ಆ ಹುಡುಗಿಯ ಅಂಗೈ ಬಿಡಿಸಿ ಬೊಬ್ಬೆಗಳನ್ನು ನೋಡಿದಾಗ ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

"ಹೋಗಲಿ, ನಿಮ್ಮ ಮಹಾವೀರನಾದರೂ ಯಾರಮ್ಮ?" ಅಂದ, ಮೆಲ್ಲಗೆ.

"ನಿದ್ದೆನಾಯಕ! ಅವನು ಸತ್ತ ದಿನ ರಜ!"

ನಾಯಕನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. "ಐಗಳೇ, ಹಗ್ಗ ಬಾವಿಗೆ ಕೊಡಿ, ಬಿರುದು ಬಿಟ್ಟುಬಿಡಿ. ಶಾಲು ನಿಮ್ಮದು, ಮಠವೂ ನಿಮ್ಮದು. ಇವತ್ತು ಮಕ್ಕಳಿಗೆ ರಜ!" ಅಂದು ತನ್ನ ಹೆಗಲ ಶಾಲನ್ನೇ ತೆಗೆದು ಅವರಿಗೆ ಹೊದಿಸಿದ. ಐಗಳು ಅದರ ಸೆರಗಿನಲ್ಲೇ ಕಣ್ಣೊರೆಸಿಕೊಂಡರು.

"ಮಹಾವೀರ ಬಿಲ್ಲಪ್ಪನಾಯಕ!" ಅಂತ ಸೂರು ಹಾರುವ ಹಾಗೆ ಕೂಗುತ್ತ ಮಕ್ಕಳು ಬೀದಿಗೆ ಬಿದ್ದವು.

ನಾಯಕ ಮತ್ತೆ ಮೀಸೆಗೆ ಕೈ ಹಾಕಿದ. "ಕೇಳಿದೆಯೇನಯ್ಯಾ ದೇಮರಸ? ವೀರ ಅನ್ನಿಸಿಕೊಳ್ಳೋಕೆ ನಿದ್ದೆನಾಯಕ ಸಾಯಬೇಕಾಯ್ತು. ನಾನು ಬದುಕಿದ್ದಾಗಲೇ ಆದೆ!"

"ಆದಿರಿ ಪ್ರಭೂ, ಅನುಮಾನವೇ ಇಲ್ಲ," ಅಂದ ದೇಮರಸ. "ಆದರೆ ಬೆಳಿಗ್ಗೆ ಮತ್ತೆ ಮಠ ತೆಗೀತಾರೆ."