ಹೊಳೆ ದಾಟಿಸುತ್ತಿದ್ದ ಗುಮ್ಮನಗುಸುಕ

“ಬುದ್ಧಿ, ಗುಮ್ಮನಗುಸುಕ ಅನ್ನುವುದು ಬೈಗುಳವೇ?” ಎಂದು ಗುರುಸಿದ್ಧ ಕೇಳಿದ.

ಮಠದ ಬಾಗಿಲು ಕಾಯುವ ಚೆನ್ನಮಲ್ಲನನ್ನು ಅವನು ಆ ದಿನ ಎಲ್ಲರೆದುರು ಹಾಗೆ ಕರೆದಿದ್ದ. ಚೆನ್ನಮಲ್ಲ ಯಾರೊಂದಿಗೂ ಬೆರೆಯುವವನಲ್ಲ. ಪಂಕ್ತಿಯ ಕೊನೆಯಲ್ಲಿ ಕೂತು ಉಂಡು ಎದ್ದುಹೋಗುವನು. ಯಾರು ಬಂದರು, ಯಾರು ಹೋದರು ಎಂದು ಕೇಳಿದರೆ ಅಗುಳಿಯ ಕಡೆ ನೋಡುವನು. ಅವನನ್ನು ಬಾಗಿಲಿನಿಂದ ಬಿಡಿಸಿ, ನಗುತ್ತ ನಾಲ್ಕು ಮಾತಾಡುವವನನ್ನು ಇಡಿ ಎಂದು ಕೇಳಲು ಶಿಷ್ಯರೆಲ್ಲ ಸೇರಿ ಗುರುಸಿದ್ಧನನ್ನು ಕಳಿಸಿದ್ದರು.

“ನನ್ನ ತಾಯಿ ಆ ಮಾತನ್ನು ಬೇರೆ ರೀತಿ ಆಡುತ್ತಿದ್ದಳು. ಅವಳ ತವರೂರಿನ ಕತೆ, ಕೇಳು” ಎಂದರು ಗುರುಗಳು.

ಆ ಊರಿನ ಹೊಳೆಗೆ ಒಬ್ಬ ಅಂಬಿಗನಿದ್ದ. ದೋಣಿ ಹತ್ತಿದವರನ್ನು ಆಚೆ ದಡಕ್ಕೆ ಬಿಡುವನು, ಅಷ್ಟೇ. ಮದುವೆಗೆ ಕರೆದರೆ ಬಂದು ಉಂಡು ಹೋಗುವನು, ಚಪ್ಪರದಲ್ಲಿ ಕೂರುವವನಲ್ಲ. “ಇವತ್ತು ಯಾರು ದಾಟಿದರೋ?” ಎಂದರೆ ಉತ್ತರವಿಲ್ಲ. “ಬಾಯಲ್ಲಿ ಹೊಳೆ ತುಂಬಿಕೊಂಡಿದ್ದೀಯೇನೋ, ಗುಮ್ಮನಗುಸುಕ!” ಎಂದು ದೋಣಿಯಲ್ಲಿದ್ದವರೆಲ್ಲ ನಗುವರು. ಅವನು ಹುಟ್ಟು ಹಾಕುವನು.

ಅವನು ತೀರಿಕೊಂಡ ಮೇಲೆ ಅವನ ಸೋದರಳಿಯ ಬಂದ. ಒಳ್ಳೆಯವನು, ಮಾತುಗಾರ. ಯಾರ ಹಸು ಕರು ಹಾಕಿತು, ಯಾರ ಅಳಿಯ ಬಂದ, ಎಲ್ಲ ಹೇಳುವನು. ಹೊಳೆಯೇ ಕಿರಿದಾಯಿತು ಎಂದು ಊರು ಹಿಗ್ಗಿತು.

ಒಂದು ಸಂಜೆ ಒಬ್ಬಳು ಹೊಸ ಸೊಸೆ ಒಂಟಿಯಾಗಿ ದೋಣಿ ಹತ್ತಿದಳು. ಅತ್ತು ಕಣ್ಣು ಊದಿತ್ತು.

“ಅಣ್ಣಾ, ಯಾರಿಗೂ ಹೇಳಬೇಡ. ಅವ್ವನ ಮುಖ ನೋಡಿ ಬೆಳಗ್ಗೆ ಬಂದುಬಿಡುತ್ತೇನೆ.”

“ನನ್ನ ನಾಲಿಗೆ ಸೇದಿಹೋಗಲಿ, ಹೇಳುವುದಿಲ್ಲ ತಂಗಿ.”

ಅವನು ಹೇಳಲಿಲ್ಲ. ಮರಳುವಾಗ ದೋಣಿ ಹತ್ತಿದವರು ಎಂದಿನಂತೆ, “ಏನಯ್ಯಾ, ಈಗ ಯಾರನ್ನು ಬಿಟ್ಟುಬಂದೆ?” ಎಂದರು. ಅವನು ತಲೆ ತಗ್ಗಿಸಿದ. “ಅರೆ, ಇವನಿಗೂ ಮಾವನ ಗಾಳಿ ಬಡಿಯಿತಲ್ಲ!” ಎಂದು ಒಬ್ಬ ನಕ್ಕ. ಉಳಿದವರು ನಗಲಿಲ್ಲ. ದಿನವೂ ಹೇಳುವವನು ಇಂದು ಹೇಳದಿದ್ದರೆ ಅದರಲ್ಲಿ ಏನೋ ಇದೆ. ಯಾರ ಮನೆಯಲ್ಲಿ ಯಾರಿಲ್ಲ ಎಂದು ಹುಡುಕಿದರು. ದೀಪ ಹಚ್ಚುವ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು.

ಮನೆಯವರಿಗಷ್ಟೇ ಗೊತ್ತಿದ್ದರೆ ನುಂಗಿಕೊಳ್ಳುತ್ತಿದ್ದರು. ಬೀದಿಗೆ ಗೊತ್ತಾದ ಮೇಲೆ ಮನೆಯ ಯಜಮಾನ ಬಿಗಿದುಕೊಂಡ. ಬೆಳಗ್ಗೆ ಸೊಸೆ ಬಂದಾಗ ಬಾಗಿಲು ತೆರೆಯಲಿಲ್ಲ. ಅವಳು ಅದೇ ದೋಣಿಯಲ್ಲಿ ಹಿಂದಿರುಗಿದಳು, ಮತ್ತೆ ಬರಲಿಲ್ಲ.

ಆ ದಿನ ಅವಳ ಅತ್ತೆ ದಡಕ್ಕೆ ಹೋಗಿ ಕೂತಳು. ತಾನು ಹೊಸ ಸೊಸೆಯಾಗಿದ್ದಾಗ ಇಂಥದೇ ಸಂಜೆ ಅತ್ತುಕೊಂಡು ಹೊಳೆ ದಾಟಿದ್ದಳು. ಬೆಳಗ್ಗೆ ಮರಳಿದ್ದಳು. ಬಾಗಿಲು ತೆರೆದಿತ್ತು. ಮಕ್ಕಳು, ಮೊಮ್ಮಕ್ಕಳು, ಇಷ್ಟು ವರ್ಷದ ಬಾಳು, ಎಲ್ಲ ಆ ಬಾಗಿಲಿನಿಂದಲೇ ಬಂದದ್ದು. ಆ ಹಳೆಯ ಅಂಬಿಗ ಯಾವ ಮಾತನ್ನೂ ಆಡದೆ ಇದ್ದದ್ದು ಈ ಒಂದು ಮಾತು ಬಚ್ಚಿಟ್ಟುಕೊಳ್ಳಲೆಂದು ಅವಳಿಗೆ ಆಗ ತಿಳಿಯಿತು. ಪಕ್ಕದಲ್ಲಿ ಇನ್ನೊಬ್ಬಳು ಮುದುಕಿ ಬಂದು ಕೂತಳು. ಆಮೇಲೆ ಮತ್ತೊಬ್ಬಳು. ಏಕೆ ಬಂದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

“ಈಗ ಅಲ್ಲಿ ಸೇತುವೆಯಿದೆ” ಎಂದರು ಗುರುಗಳು. “ಆದರೂ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಆ ಊರಿನ ಮುದುಕಿಯರು ತಲೆ ಸವರಿ, ‘ದಾರಿಯಲ್ಲಿ ಒಬ್ಬ ಗುಮ್ಮನಗುಸುಕ ಸಿಗಲಿ ತಾಯಿ’ ಅನ್ನುತ್ತಾರೆ. ನನ್ನನ್ನು ಮಠಕ್ಕೆ ಬಿಡುವಾಗ ಅವ್ವನೂ ಹಾಗೇ ಅಂದಿದ್ದಳು.”

“ಕತೆ ಸರಿ ಬುದ್ಧಿ. ಆದರೆ ಚೆನ್ನಮಲ್ಲ ಅಂಬಿಗನಲ್ಲವಲ್ಲ” ಎಂದ ಗುರುಸಿದ್ಧ.

“ನೀನು ಗಂಟು ಕಟ್ಟಿಕೊಂಡು ಓಡಿಹೋಗಿ ತಿರುಗಿ ಬಂದ ಬೆಳಗ್ಗೆ ನಾನೂ ಎದ್ದಿದ್ದೆ, ನಿನಗೆ ಬಾಗಿಲು ತೆಗೆದವನು ಇವತ್ತಿನವರೆಗೆ ಅದನ್ನು ಯಾರಿಗಾದರೂ ಹೇಳಿದನೇ?”

ಆ ರಾತ್ರಿ ಗುರುಸಿದ್ಧ ಪಂಕ್ತಿಯ ಕೊನೆಗೆ ಹೋಗಿ ಚೆನ್ನಮಲ್ಲನ ಪಕ್ಕದಲ್ಲಿ ಉಣ್ಣಲು ಕೂತ.