ನೂರಹತ್ತು ಡಿಗ್ರಿಯ ಸಹಾಯಕ

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹಿರಿಯ ಬೀಕರು ದ್ರಾವಣ ಕಲಕಲು ಸಹಾಯಕರನ್ನು ಕರೆಯಿತು. ಹಳೆಯ ಗಾಜಿನ ಕಡ್ಡಿಯೂ ಹೊಸ ಥರ್ಮಾಮೀಟರೂ ಬಂದು ನಿಂತವು.

“ನಿನಗೆಷ್ಟು ಡಿಗ್ರಿ?” ಎಂದು ಬೀಕರು ಕೇಳಿತು.

“ಒಂದೂ ಇಲ್ಲ ಸ್ವಾಮಿ. ಕಲಕಿ ಗೊತ್ತು,” ಎಂದಿತು ಕಡ್ಡಿ.

“ನನಗೆ ನೂರಹತ್ತು,” ಎಂದಿತು ಥರ್ಮಾಮೀಟರು. ಕೆಲಸ ಅದಕ್ಕೇ ಸಿಕ್ಕಿತು. ಹಿಗ್ಗಿಗೆ ಅದರ ಪಾದರಸ ಎರಡು ಗೆರೆ ಮೇಲೇರಿತು.

“ಗುರುಗಳೇ, ಕಲಕುವುದು ಹೇಗೆ?”

“ಇಷ್ಟು ಡಿಗ್ರಿ ಹೊತ್ತವನಿಗೆ ಅದನ್ನೂ ಹೇಳಿಕೊಡಬೇಕೇ?”

“ತಮ್ಮಾ, ತಳ ಮುಟ್ಟಬೇಡ!” ಎಂದು ಕಡ್ಡಿ ಕೂಗಿತು.

“ಆಯ್ಕೆಯಾಗದವರು ಬಾಯಿ ಹಾಕಬಾರದು,” ಎಂದು ಬೀಕರು ಗದರಿತು.

ಥರ್ಮಾಮೀಟರು ನಾಚಿಕೊಂಡು ಜೋರಾಗಿಯೇ ಕಲಕಿತು. ಮೂರನೇ ಸುತ್ತಿಗೆ ಅದರ ಬುಡ ತಳಕ್ಕೆ ಬಡಿದು ಒಡೆಯಿತು; ಪಾದರಸವೆಲ್ಲ ಬೀಕರಿನ ಹೊಟ್ಟೆಗೆ ಸುರಿಯಿತು.

ವಿಷ ಬೆರೆತ ಬೀಕರನ್ನೂ ಥರ್ಮಾಮೀಟರಿನ ಚೂರುಗಳನ್ನೂ ಒಂದೇ ಡಬ್ಬಕ್ಕೆ ಎಸೆದರು. ಆ ಜಾಗಕ್ಕೆ ಬಂದ ಹೊಸ ಬೀಕರು ಕಡ್ಡಿಯನ್ನು ನೋಡಿ ಮೊದಲು ಕೇಳಿದ್ದು ಒಂದೇ ಮಾತು:

“ನಿನಗೆಷ್ಟು ಡಿಗ್ರಿ?”